ಕಡ್ಲಿ, ಕುಸುಬಿಗೊಂದು ಮನೆ

ಪಂಜರ ಅಂದರೆ ನಮ್ಮ ವಯಸ್ಸಿನವರಿಗೆ ಮೊದಲು ನೆನಪಾಗುವುದು ಗಿಳಿ. ನಾನು ಸಣ್ಣವಳಿದ್ದಾಗ ಊರಿನ ಒಂದೆರಡು ಮನೆಗಳ ಪಡಸಾಲೆಯಲ್ಲಿ ಗಿಳಿಯ ಪಂಜರವನ್ನು ತೊಲೆಗೆ ತೂಗು ಹಾಕಿರುತ್ತಿದ್ದರು. ರೆಕ್ಕೆ ಪೂರ್ತಿ ಬಿಚ್ಚಲಿಕ್ಕೂ ಅದರಲ್ಲಿ ಜಾಗ ಇರುತ್ತಿರಲಿಲ್ಲ. ಈಗ ಹಾಗೆ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಹೊಲದಲ್ಲಿ ಓಡಾಡುವ ಕಾಡುಮೊಲಕ್ಕೂ ಅದೇ ಕಾಯ್ದೆಯ ರಕ್ಷಣೆ ಇದೆ. ಹಾಗಾಗಿ ಮಕ್ಕಳು ಏನಾದರೂ ಸಾಕಬೇಕು ಎಂದು ಹಟ ಹಿಡಿದರೆ ಪೇಟೆಯಲ್ಲಿ ಸಿಗುವುದು ಬಿಳಿ ಮೊಲ, ಹ್ಯಾಮ್‌ಸ್ಟರ್, ಗಿನಿ ಪಿಗ್‌ನಂಥ ಹೊರದೇಶದ ಸಾಕುಪ್ರಾಣಿಗಳು.

ನಮ್ಮ ಶಲವಡಿಯ ಮನೆಗೂ ಹೀಗೇ ಎರಡು ಗಿನಿ ಪಿಗ್‌ಗಳು ಬಂದವು. ಹುಬ್ಬಳ್ಳಿಯಲ್ಲಿ ಐದನೇ ಇಯತ್ತೆ ಮುಗಿಸಿದ ಮೊಮ್ಮಗಳು ಏಪ್ರಿಲ್ ಸೂಟಿಗೆ ಬರುವಾಗ ಬಟ್ಟೆಯ ಚೀಲದ ಜೊತೆ ಒಂದು ಪಂಜರವನ್ನೂ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಹುಟ್ಟುಹಬ್ಬಕ್ಕೆ ಅವರಪ್ಪ ಕೊಡಿಸಿದ್ದು. ಎರಡೂ ಹೆಣ್ಣು. ಒಂದು ಕಡಲೆಕಾಳಿನ ಬಣ್ಣದ್ದು, ಇನ್ನೊಂದು ಕುಸುಬಿಯ ಹಾಗೆ ಬಿಳುಪು. ಅವಳ ಅಜ್ಜ ನೋಡಿದ ಕೂಡಲೇ ಹೆಸರಿಟ್ಟರು: ಕಡ್ಲಿ, ಕುಸುಬಿ.

ಹೆಸರಿನಲ್ಲಿ ಪಿಗ್ ಇದ್ದರೂ ಇದು ಹಂದಿಯಲ್ಲ. ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳ ಹಾಗೆ ದಂಶಕ ಜಾತಿಯದು, ಅಂದರೆ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುವ ಪ್ರಾಣಿ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸೀಮೆ, ಈಗಿನ ಪೆರು, ಬೊಲಿವಿಯ ಕಡೆ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮನೆಯೊಳಗೆ ಸಾಕುತ್ತಿದ್ದರು. ಇಂದಿಗೂ ಅಲ್ಲಿ ಇದರ ಹೆಸರು ‘ಕುಯಿ’. ಹಸಿವಾದಾಗ ಇದು ಕೂಗುವುದೂ ಹಾಗೆಯೇ. ನಮ್ಮಲ್ಲಿ ಈಳಿಗೆಯ ಮೇಲೆ ಸೌತೆಕಾಯಿ ಇಟ್ಟ ಸದ್ದಾದರೆ ಸಾಕು, ಪಡಸಾಲೆಯಿಂದ ಕುಯಿ ಕುಯಿ ಶುರುವಾಗುತ್ತದೆ.

ಮೊದಲ ದಿನ ಮಾತ್ರ ಒಂದೂ ಕೂಗಲಿಲ್ಲ. ಪಂಜರ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ತಳಕ್ಕೆ ತಂತಿಯ ಜಾಳಿಗೆ, ಹಿಕ್ಕೆ ಕೆಳಗೆ ಬೀಳಲಿ ಎಂದು. ಗುಲಾಬಿ ಬಣ್ಣ, ಮೇಲೆ ಹಿಡಿಕೆ, ನೋಡಲಿಕ್ಕೆ ಬಲು ಚಂದ. ಒಳಗೆ ಎರಡೂ ಒಂದು ಮೂಲೆಗೆ ಒತ್ತಿಕೊಂಡು ಕೂತಿದ್ದವು. ಕಾಲು ಎತ್ತಿ ಎತ್ತಿ ಇಡುತ್ತಿದ್ದವು.

ನಮ್ಮ ಯಜಮಾನರಿಗೆ ಸಂಕಟವಾಯಿತು. “ಪ್ರಾಣೀನ ಪಂಜರದಾಗ ಇಡೂದ ಪಾಪ. ನಾಳೆ ಹೊಲಕ್ಕ ಒಯ್ದು ಬಿಟ್ಟು ಬರ್ತೀನಿ. ಹುಲ್ಲು ತಿಂದು ಆರಾಮ ಇರ್ತಾವ” ಅಂದರು.

ಮೊಮ್ಮಗಳ ಕಣ್ಣು ತುಂಬಿತು. “ಅಜ್ಜಾ, ಅಲ್ಲಿ ನಾಯಿ ಬಂದ್ರ?”

ಆ ರಾತ್ರಿ ನಮ್ಮ ಮನೆಯಲ್ಲಿ ನಡೆದ ಮಾತು ಇದೇ. ಪಂಜರ ಪಾಪವೋ, ಬಿಡುವುದು ಪಾಪವೋ? ಮರುದಿನ ಪರಿಚಯದ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿ ಕೇಳಿದೆವು. ಅವರು ವಿವರಿಸಿದ್ದು ಹೀಗೆ: ಗಿಳಿಗೆ ಹೊರಗೆ ತನ್ನದೇ ಆಕಾಶ ಇದೆ, ಅದನ್ನು ಹಿಡಿದು ಕೂಡಿಹಾಕುವುದು ತಪ್ಪು. ಗಿನಿ ಪಿಗ್‌ಗೆ ಅಂಥ ಹೊರಗು ಇಲ್ಲ. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲೇ ಹುಟ್ಟಿ ಬೆಳೆದ ಪ್ರಾಣಿ ಅದು. ಮರ ಹತ್ತಲಾರದು, ಗೋಡೆ ಜಿಗಿಯಲಾರದು, ಕಚ್ಚಿ ಹೋರಾಡಲಾರದು. ನಮ್ಮ ಎರೆಹೊಲದಲ್ಲಿ ಬಿಟ್ಟರೆ ನಾಯಿ, ಬೆಕ್ಕು, ಹದ್ದು, ಇಲ್ಲವೇ ಬಿಸಿಲು, ಯಾವುದಾದರೂ ಒಂದು ಅದನ್ನು ಒಂದೆರಡು ದಿನದಲ್ಲಿ ಮುಗಿಸುತ್ತದೆ. ಹಾಗಾದರೆ ಮಾಡುವುದೇನು? ಪಂಜರವನ್ನು ಮನೆ ಮಾಡಬೇಕು, ಅಷ್ಟೇ.

ಮನೆ ಎಷ್ಟು ದೊಡ್ಡದಿರಬೇಕು ಎಂದು ಮೊಮ್ಮಗಳು ಕೇಳಿದಳು. ಎರಡಕ್ಕೆ ಕನಿಷ್ಠ ಏಳೂವರೆ ಚದರಡಿ ನೆಲ ಬೇಕು, ಅದಕ್ಕಿಂತ ಹೆಚ್ಚಾದಷ್ಟೂ ಒಳ್ಳೆಯದು ಎಂದರು ವೈದ್ಯರು. ಅವಳು ಸೀಮೆಸುಣ್ಣ ತಂದು ಪಡಸಾಲೆಯ ನೆಲದ ಮೇಲೆ ಬರೆದಳು. ಅಂಗಡಿಯ ಪಂಜರದ ಅಳತೆ ಬರೆದರೆ ಮೂರು ಚದರಡಿ. ಅದರೊಳಗೆ ತಾನೇ ಮೊಣಕಾಲು ಮಡಚಿ ಕೂತು ನೋಡಿದಳು. ಆಮೇಲೆ ಐದು ಅಡಿ ಉದ್ದ, ಎರಡೂವರೆ ಅಡಿ ಅಗಲದ ಇನ್ನೊಂದು ಗೆರೆ ಎಳೆದಳು. ಗುಣಿಸಿ ನೋಡಿ, ಹನ್ನೆರಡೂವರೆ ಚದರಡಿ. “ಆಯಿ, ಇದರಾಗ ಓಡಬಹುದು” ಅಂದಳು. ನಮ್ಮ ಅಳತೆ ಅಲ್ಲಿಗೆ ಗಟ್ಟಿಯಾಯಿತು.

ಆಕಾರದ ಬಗ್ಗೆ ಮಾತ್ರ ಅವಳಿಗೂ ನನಗೂ ಸ್ವಲ್ಪ ಜಗಳವೇ ಆಯಿತು. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಆಳೆತ್ತರದ ಪಂಜರ, ಒಳಗೆ ಮೂರು ಅಂತಸ್ತು, ಏಣಿ, ಓಡಲಿಕ್ಕೆ ಚಕ್ರ. “ಇಂಥಾದ್ದ ಮಾಡೂಣು ಆಯಿ.” ಚೆನ್ನಾಗಿ ನೋಡಿದರೆ ಅದರೊಳಗೆ ಇದ್ದದ್ದು ಗಿನಿ ಪಿಗ್ ಅಲ್ಲ, ಅದರ ದೂರದ ದಾಯಾದಿ ಡೇಗು. ಚಿಲಿ ದೇಶದ ಪ್ರಾಣಿ, ಬಾಲದ ತುದಿಗೆ ಕುಂಚದಂಥ ಕೂದಲು. ಅಮೆರಿಕ, ಯುರೋಪಿನ ಕಡೆ ಮನೆಗಳಲ್ಲಿ ಸಾಕುತ್ತಾರೆ.

ಈ ಎರಡರ ಮನೆಗಳಿಗಿರುವ ವ್ಯತ್ಯಾಸ ತಿಳಿಯಬೇಕಾದದ್ದು. ಡೇಗು ಹತ್ತುತ್ತದೆ, ಜಿಗಿಯುತ್ತದೆ, ಹಗಲೆಲ್ಲ ಚಟುವಟಿಕೆಯಿಂದ ಇರುತ್ತದೆ. ಆದ್ದರಿಂದ ಅದಕ್ಕೆ ಎತ್ತರ ಬೇಕು, ಅಟ್ಟ ಬೇಕು, ಸುಮಾರು ಒಂದು ಅಡಿ ಅಗಲದ, ಸಂದಿಲ್ಲದ ಗಟ್ಟಿ ಚಕ್ರ ಬೇಕು. ಪ್ಲಾಸ್ಟಿಕ್ಕು, ಮರ ಯಾವುದನ್ನೂ ಕಡಿಯದೆ ಬಿಡದು, ಆದ್ದರಿಂದ ಪಂಜರ ಲೋಹದ್ದೇ ಆಗಬೇಕು. ಮೈಯ ಎಣ್ಣೆ ತೆಗೆದುಕೊಳ್ಳಲು ಅದು ನುಣುಪು ಧೂಳಿನಲ್ಲಿ ಹೊರಳಾಡುತ್ತದೆ, ಗುಬ್ಬಿಗಳು ಮಣ್ಣಿನ ಸ್ನಾನ ಮಾಡುವ ಹಾಗೆ. ಅದಕ್ಕೊಂದು ಬೋಗುಣಿ ಬೇಕು. ಸಿಹಿ ತಿಂದರೆ ಅದಕ್ಕೆ ಬೇಗ ಸಕ್ಕರೆ ಕಾಯಿಲೆ ಬರುತ್ತದೆ, ಹಣ್ಣೂ ಆಗದು.

ಗಿನಿ ಪಿಗ್ ಇದಕ್ಕೆ ತದ್ವಿರುದ್ಧ. ಅದು ನೆಲದ ಪ್ರಾಣಿ. ಎತ್ತರದಿಂದ ಬಿದ್ದರೆ ಮೂಳೆ ಮುರಿಯುತ್ತದೆ. ಚಕ್ರ ಹತ್ತಿಸಿದರೆ ಬೆನ್ನಿಗೆ ಪೆಟ್ಟು. ಅದಕ್ಕೆ ಬೇಕಾದದ್ದು ಎತ್ತರವಲ್ಲ, ಉದ್ದ. ಅಂದರೆ ಒಬ್ಬರ ಅರಮನೆ ಇನ್ನೊಬ್ಬರಿಗೆ ಅಪಾಯ. ಇದನ್ನು ಕೇಳಿದ ಮೇಲೆ ಮೊಮ್ಮಗಳು ಮೂರಂತಸ್ತಿನ ಆಸೆ ಬಿಟ್ಟಳು.

ಮನೆ ಕಟ್ಟುವ ಕೆಲಸ ಊರಿನ ಬಡಿಗೇರ ಕಾಕಾನದು. ನಮ್ಮ ಹಳೆಯ ದನದ ಮನೆಯಲ್ಲಿ ಬೇವಿನ ಕಟ್ಟಿಗೆಯ ಎರಡು ಬಾಗಿಲು ಬಿದ್ದಿದ್ದವು. ಅವನ್ನೇ ಕೊಯ್ದು ಚೌಕಟ್ಟು ಮಾಡಿದರು. ಎತ್ತರ ಒಂದೂವರೆ ಅಡಿ. ಮೇಲಿನ ಮುಚ್ಚಳ ಪೂರ್ತಿ ತೆರೆಯುವ ಹಾಗೆ ಬಿಜಾಗರಿ ಹಾಕಿದರು. ಕೈ ಒಳಗೆ ಹೋಗದ ಮೂಲೆ ಇದ್ದರೆ ಆ ಮೂಲೆ ಎಂದೂ ಸ್ವಚ್ಛವಾಗದು. ಬಣ್ಣ ಹಚ್ಚಲಿಲ್ಲ, ಕಡಿದರೆ ಹೊಟ್ಟೆಗೆ ಹೋಗುತ್ತದಲ್ಲ.

ತಳ ಗಟ್ಟಿ ಹಲಗೆಯದು, ಜಾಳಿಗೆಯದಲ್ಲ. ಗಿನಿ ಪಿಗ್‌ನ ಅಂಗಾಲಿಗೆ ಕೂದಲಿಲ್ಲ, ನಮ್ಮ ಅಂಗೈಯ ಹಾಗೆ ಮೆತ್ತಗೆ ಇರುತ್ತದೆ. ತಂತಿಯ ಮೇಲೆ ದಿನವಿಡೀ ನಿಂತರೆ ಹುಣ್ಣಾಗುತ್ತದೆ, ಕಾಲು ಸಂದಿಯಲ್ಲಿ ಸಿಕ್ಕರೆ ಮುರಿಯುತ್ತದೆ. ಹಲಗೆಯ ಮೇಲೆ ಮೂರು ಇಂಚು ಅಂಚಿನ ಪತ್ರಾದ ತಟ್ಟೆ, ಮೇಜಿನ ಖಾನೆಯ ಹಾಗೆ ಹೊರಗೆ ಎಳೆಯಬಹುದು. ಅದರ ಮೇಲೆ ಹಳೆಯ ಪೇಪರು, ಅದರ ಮೇಲೆ ನನ್ನ ಹಳೆಯ ಸೀರೆಯ ದಪ್ಪ ಮಡಿಕೆ, ದಾರ ಬಿಡದಂತೆ ಅಂಚು ಹೊಲಿದದ್ದು. ಬಡಿಗೇರರ ಮನೆಯಲ್ಲಿ ಕಟ್ಟಿಗೆ ಹೊಟ್ಟು ಬೇಕಾದಷ್ಟಿತ್ತು. ಆದರೆ ಅದರ ಧೂಳು ಈ ಪ್ರಾಣಿಯ ಮೂಗಿಗೆ, ಶ್ವಾಸಕ್ಕೆ ಆಗದು ಎಂದು ವೈದ್ಯರು ಬೇಡವೆಂದರು. ಜೋಳದ ಕಣಕಿಯ ತುಂಡೂ ಬೇಡ, ಅದರ ಮೊನೆ ಕಣ್ಣಿಗೆ ಚುಚ್ಚುತ್ತದೆ.

ಸುತ್ತಲೂ ಅರ್ಧ ಇಂಚಿನ ಬೆಸುಗೆ ಜಾಳಿಗೆ. ಕೋಳಿ ಗೂಡಿಗೆ ಹಾಕುವ ತೆಳು ಜಾಳಿಗೆ ಸಾಕಲ್ಲವೇ ಎಂದು ಯಜಮಾನರು ಕೇಳಿದರು. ಬಡಿಗೇರ ಕಾಕಾ ನಕ್ಕು, “ಆ ಜಾಳಿಗೆ ಕೋಳಿ ಹೊರಗ ಬರಬಾರದಂತ ಹಾಕೂದು. ಇಲ್ಲಿ ಹೊರಗಿಂದು ಒಳಗ ಬರಬಾರದು” ಅಂದರು. ಹಳ್ಳಿಯ ಮನೆಗೆ ಇದು ದೊಡ್ಡ ಮಾತು. ನಮ್ಮಲ್ಲಿ ಬೆಕ್ಕು ಇದೆ, ಹೆಗ್ಗಣ ಇದೆ, ಇಲಿಯ ಬೆನ್ನು ಹತ್ತಿ ಒಮ್ಮೊಮ್ಮೆ ಕೇರೆಹಾವೂ ಬರುತ್ತದೆ. ಅದಕ್ಕೇ ಮುಚ್ಚಳಕ್ಕೆ ಎರಡು ಚಿಲಕ. ಇಡೀ ಮನೆ ಎರಡೂವರೆ ಅಡಿ ಎತ್ತರದ ನಾಲ್ಕು ಕಾಲುಗಳ ಮೇಲೆ ನಿಂತಿದೆ. ಒಂದೊಂದು ಕಾಲಿನ ಕೆಳಗೂ ನೀರು ತುಂಬಿದ ಹಳೆಯ ಡಬ್ಬಿಯ ಮುಚ್ಚಳ. ಬೆಲ್ಲದ ಡಬ್ಬಿಗೆ ಇರುವೆ ಹತ್ತದಿರಲಿ ಎಂದು ನಮ್ಮ ಅತ್ತೆಯವರು ಮಾಡುತ್ತಿದ್ದ ಉಪಾಯ ಇದು. ಇಲ್ಲೂ ನಡೆಯಿತು.

ಒಳಗಿನ ಸಾಮಾನು ಮೊಮ್ಮಗಳ ಪಾಲಿಗೆ ಬಂತು. ಗಿನಿ ಪಿಗ್ ಹೆದರುವ ಪ್ರಾಣಿ, ಅಡಗಲು ಜಾಗವಿಲ್ಲದಿದ್ದರೆ ನೆಮ್ಮದಿಯಿಂದ ನಿದ್ದೆ ಮಾಡದು. ಬಾಯಿ ಒಡೆದ ಎರಡು ಮಣ್ಣಿನ ಗಡಿಗೆ ಹಿತ್ತಲಲ್ಲಿದ್ದವು. ಅವನ್ನು ಉದ್ದಕ್ಕೆ ಸೀಳಿದ ಹಾಗೆ ಒಡೆದು, ಅಂಚುಗಳನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ ಬೋರಲು ಹಾಕಿದೆವು. ಎರಡು ಪ್ರಾಣಿಗೆ ಎರಡು ಗೂಡು, ಒಂದೊಂದಕ್ಕೂ ಎರಡು ಕಡೆ ಬಾಯಿ. ಒಂದೇ ಬಾಯಿದ್ದರೆ ಜೋರಿನದು ಬಾಗಿಲಲ್ಲಿ ಕೂತು ಇನ್ನೊಂದನ್ನು ಹೊರಗೆ ಬಿಡುವುದಿಲ್ಲ. ನಮ್ಮಲ್ಲಿ ಜೋರಿನದು ಕುಸುಬಿ.

ಒಂದು ಬದಿಗೆ ದನದ ಗೋದಲಿಯ ಚಿಕ್ಕ ರೂಪ. ಅದರಲ್ಲಿ ಸದಾ ಒಣಗಿದ ಕರಿಕಿ ಹುಲ್ಲು ತುಂಬಿರಬೇಕು. ಅವುಗಳ ಊಟದ ಬಹುಪಾಲು ಅದೇ, ಬೆಳೆಯುವ ಹಲ್ಲು ಸವೆಯುವುದೂ ಅದರಿಂದಲೇ. ಯಜಮಾನರು ಕಾಲುವೆಯ ದಂಡೆಯಿಂದ ಕೊಯ್ದು ತರುತ್ತಾರೆ. ಹತ್ತಿ, ಮೆಣಸಿನಕಾಯಿ ಹೊಲದ ಬದುವಿನದು ಬೇಡ, ಔಷಧ ಹೊಡೆದಿರುತ್ತಾರೆ. ಇನ್ನೊಂದು ಬದಿಗೆ ನೀರಿನ ಬಾಟಲಿ. ಅದರ ತುದಿಯ ಗುಂಡು ಸಿಕ್ಕಿಕೊಂಡರೆ ಬಾಟಲಿ ತುಂಬಿದ್ದರೂ ನೀರು ಬರುವುದಿಲ್ಲ, ಆದ್ದರಿಂದ ದಿನಾ ಬೆಳಿಗ್ಗೆ ಬೆರಳಿನಿಂದ ಒತ್ತಿ ನೋಡುವುದು ಒಂದು ಕೆಲಸ.

ಊಟದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಹಾಗೆ ಈ ಪ್ರಾಣಿಯೂ ಸಿ ಜೀವಸತ್ವವನ್ನು ಮೈಯಲ್ಲಿ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರಾಲಿಕ್ ಎಂಬ ಇಬ್ಬರು ವಿಜ್ಞಾನಿಗಳು ಬರೀ ಕಾಳು ತಿಂದ ಗಿನಿ ಪಿಗ್‌ಗಳಿಗೂ ಮನುಷ್ಯರ ಹಾಗೆ ಸ್ಕರ್ವಿ ರೋಗ ಬರುವುದನ್ನು ತೋರಿಸಿಕೊಟ್ಟರು. ಆಮೇಲೆ ಸಿ ಜೀವಸತ್ವದ ಪತ್ತೆಗೆ ಇದು ದಾರಿಯಾಯಿತು. ಹಾಗಾಗಿ ದಿನಾ ಒಂದಿಷ್ಟು ಹಸಿ ಕೊತ್ತಂಬರಿ, ದೊಡ್ಡ ಮೆಣಸಿನಕಾಯಿಯ ಹೋಳು, ಅಪರೂಪಕ್ಕೆ ಪೇರಲದ ಚಿಕ್ಕ ಚೂರು.

ಇಷ್ಟೆಲ್ಲ ಆದ ಮೇಲೂ ನಮಗೆ ಚಿಂತೆ ಉಳಿದದ್ದು ಬಿಸಿಲಿನದು. ಆಂಡೀಸಿನ ತಂಪು ಬೆಟ್ಟದ ಪ್ರಾಣಿ ಇದು. ಮೈತುಂಬ ಕೂದಲು, ನಮ್ಮ ಹಾಗೆ ಬೆವರಲಾರದು. ಮೂವತ್ತು ಡಿಗ್ರಿ ದಾಟಿದರೆ ತೊಂದರೆ ಶುರು. ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮರ ಕಡಿಮೆ, ಎರೆಮಣ್ಣು ಕಾದ ಹೆಂಚಿನ ಹಾಗೆ ಕಾಯುತ್ತದೆ.

ನಮ್ಮ ಮನೆಗೆ ಎರಡು ಭಾಗ. ಹೊಸ ಕೋಣೆಗೆ ತಗಡಿನ ಮಾಡು. ಹಳೆಯ ಪಡಸಾಲೆ ಮಣ್ಣಿನ ಮಾಳಿಗೆಯದು, ಗೋಡೆ ಎರಡು ಅಡಿ ದಪ್ಪ. ಮೊಮ್ಮಗಳು ಗೋಡೆಯ ಥರ್ಮಾಮೀಟರ್ ಹಿಡಿದು ಮಧ್ಯಾಹ್ನ ಮೂರಕ್ಕೆ ಒಂದೊಂದು ಕಡೆ ಹತ್ತು ಹತ್ತು ನಿಮಿಷ ಇಟ್ಟು ಬರೆದುಕೊಂಡಳು. ಅಂಗಳದ ನೆರಳಿನಲ್ಲಿ 38, ತಗಡಿನ ಕೋಣೆಯಲ್ಲಿ 40, ಮಾಳಿಗೆಯ ಪಡಸಾಲೆಯ ಒಳಮೂಲೆಯಲ್ಲಿ 30. ಎಲ್ಲಿಡಬೇಕು ಎಂಬ ಪ್ರಶ್ನೆಗೆ ಅವಳ ನೋಟ್‌ಬುಕ್ಕೇ ಉತ್ತರ ಕೊಟ್ಟಿತು. ಅಜ್ಜ ಅಂದರು, “ನಮ್ಮ ಹಿರ್ಯಾರು ಕಟ್ಟಿದ್ದು ಸುಮ್ಮನ ಅಲ್ಲ, ನೋಡವ್ವಾ.”

ಆದರೂ ಕಡು ಬಿಸಿಲಿನ ದಿನ ಪಂಜರದ ಒಂದು ಬದಿಗೆ, ಎರಡು ಗೇಣು ದೂರದಲ್ಲಿ, ಒದ್ದೆ ಗೋಣಿತಟ್ಟು ಕಟ್ಟುತ್ತಿದ್ದೆವು. ಪಂಜರವನ್ನೇ ಮುಚ್ಚಬಾರದು, ಗಾಳಿಯಾಡದಿದ್ದರೆ ಒಳಗೆ ಉಗಿ ಕಟ್ಟುತ್ತದೆ. ಗಡಿಗೆಯ ಗೂಡಿನ ಹೊರಮೈಗೆ ನೀರು ಸವರಿದರೆ ಒಳಗೆ ತಂಪು, ಕುಡಿಯುವ ನೀರಿನ ಗಡಿಗೆ ತಣ್ಣಗಾಗುವುದೂ ಹೀಗೇ ಅಲ್ಲವೇ? ಕಡ್ಲಿ ಮಧ್ಯಾಹ್ನವೆಲ್ಲ ಅದರೊಳಗೆ ಹೊಟ್ಟೆ ಚೆಲ್ಲಿ ಮಲಗುತ್ತಿತ್ತು.

ಹೊಸ ಮನೆಗೆ ಹೋದ ಎರಡನೇ ದಿನದ ಸಂಜೆ ಎರಡೂ ಇದ್ದಕ್ಕಿದ್ದಂತೆ ನಿಂತಲ್ಲೇ ಮೇಲಕ್ಕೆ ಜಿಗಿದವು. ಮೊಮ್ಮಗಳು ಹೆದರಿ ನನ್ನನ್ನು ಕರೆದಳು. ಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ಬಾಣಲೆಯಲ್ಲಿ ಸಿಡಿಯುತ್ತವಲ್ಲ, ಹಾಗೆ. ಅದು ಖುಷಿಯ ಜಿಗಿತವಂತೆ. ಇಂಗ್ಲಿಷ್ ಮಾತನಾಡುವವರೂ ಅದನ್ನು ‘ಪಾಪ್‌ಕಾರ್ನಿಂಗ್’ ಎಂದೇ ಕರೆಯುತ್ತಾರೆ.

ಪಕ್ಕದ ಮನೆಯ ಹುಡುಗ ತನ್ನ ಬಿಳಿ ಮೊಲವನ್ನೂ ಇದರಲ್ಲೇ ಬಿಡೋಣ ಎಂದ. ಜಾಗ ಇತ್ತು. ಆದರೆ ಮೊಲದ ಹಿಂಗಾಲಿನ ಒದೆತ ಗಿನಿ ಪಿಗ್‌ಗೆ ಪ್ರಾಣಾಪಾಯ, ಎರಡರ ಊಟವೂ ಬೇರೆ. ಜೊತೆಗೆ ಬೇಕಾದದ್ದು ತನ್ನದೇ ಜಾತಿಯದು. ಸ್ವಿಟ್ಜರ್ಲೆಂಡಿನಲ್ಲಿ 2008ರಲ್ಲಿ ಜಾರಿಗೆ ಬಂದ ಪ್ರಾಣಿ ರಕ್ಷಣೆಯ ನಿಯಮದ ಪ್ರಕಾರ ಗಿನಿ ಪಿಗ್ಗನ್ನು ಒಂಟಿಯಾಗಿ ಸಾಕುವಂತಿಲ್ಲ. ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ಎರಡು ಚಿಲ್ಲರೆ ತಿಂಗಳಿಗೆ ಮರಿಗಳಾಗುತ್ತವೆ, ಅದನ್ನೂ ಯೋಚಿಸಬೇಕು.

ಮೇ ಕೊನೆಗೆ ನಿಜವಾದ ಕಷ್ಟ ಬಂತು. ಮೊಮ್ಮಗಳು ಹುಬ್ಬಳ್ಳಿಗೆ ಹೊರಡಬೇಕು. ಅವರಪ್ಪ ಫೋನಿನಲ್ಲಿ ಹೇಳಿದ, “ಆ ದೊಡ್ಡದು ಅಲ್ಲೇ ಇರಲಿ, ಗುಲಾಬಿ ಪಂಜರದಾಗ ಹಾಕ್ಕೊಂಡು ಬಾ.” ಅವಳು ಒಂದು ಮಾತೂ ಆಡದೆ ಟೇಪು ತೆಗೆದುಕೊಂಡು, ಹುಬ್ಬಳ್ಳಿಯ ಮನೆಯ ಒಂದೊಂದು ಗೋಡೆಯನ್ನೂ ಅಳೆಯಲು ಅಪ್ಪನಿಗೆ ಹೇಳಿದಳು. ಎರಡು ಕೋಣೆಯ ಬಾಡಿಗೆ ಮನೆ ಅದು, ಮೇಲೆ ತಾರಸಿಯ ಕಾವು. ಐದು ಅಡಿಯ ಜಾಗ ಸಿಕ್ಕಿದ್ದು ಒಂದೇ ಕಡೆ, ಪಶ್ಚಿಮದ ಕಿಟಕಿಯ ಕೆಳಗೆ. ಮಧ್ಯಾಹ್ನದ ಬಿಸಿಲು ನೇರ ಅಲ್ಲಿಗೇ ಬೀಳುತ್ತದೆ.

ಆ ರಾತ್ರಿ ಅವಳು ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ಬಂದು ಕೇಳಿದಳು, “ಆಯಿ, ಇವು ಇಲ್ಲೇ ಇದ್ರ ನೀ ನೋಡ್ಕೋತಿ?”

ಗಿನಿ ಪಿಗ್‌ಗಳು ಐದರಿಂದ ಎಂಟು ವರ್ಷ ಬದುಕುತ್ತವೆ. ನನಗೀಗ ಅರವತ್ತೆಂಟು. ಎಂಟು ಕೂಡಿಸಿದರೆ ಎಪ್ಪತ್ತಾರು. ಅವಳು ಅಷ್ಟರಲ್ಲಿ ಕಾಲೇಜು ಸೇರಿರುತ್ತಾಳೆ. ಲೆಕ್ಕ ಅವಳ ಎದುರೇ ಹಾಕಿದೆ, ಮಕ್ಕಳಿಂದ ಇಂಥ ಲೆಕ್ಕ ಮುಚ್ಚಿಡಬಾರದು. “ನೋಡ್ಕೋತೀನಿ. ನನಗ ಆಗದ ದಿನ ನಿಮ್ಮ ಅಜ್ಜ. ಇಬ್ಬರಿಗೂ ಆಗದಿದ್ರ ನೀ ಬರಬೇಕು” ಅಂದೆ. ಅವಳು ತನ್ನ ನೋಟ್‌ಬುಕ್ಕಿನಲ್ಲಿ ಕೆಲಸಗಳ ಪಟ್ಟಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದಳು. ದಿನಾ: ಹುಲ್ಲು, ನೀರು, ಒದ್ದೆಯಾದ ಬಟ್ಟೆ ಬದಲು. ವಾರಕ್ಕೊಮ್ಮೆ: ತಟ್ಟೆ ತೊಳೆಯುವುದು, ತೂಕ. ತೂಕದ ಎದುರು ಎರಡು ಹೆಸರು, ಮುಂದೆ ಖಾಲಿ ಮನೆಗಳು. ಕಿರಾಣಿ ತಕ್ಕಡಿಯಲ್ಲಿ ಕೂಡಿಸಿ ನೋಡುತ್ತೇವೆ. ತೂಕ ಇಳಿದರೆ ಕಾಯಿಲೆಯ ಮೊದಲ ಸುಳಿವು ಅದೇ.

ಈಗ ಎರಡು ಶನಿವಾರಕ್ಕೊಮ್ಮೆ ಅವಳು ಬಸ್ಸಿಗೆ ಬರುತ್ತಾಳೆ. ಬಂದ ಕೂಡಲೇ ನಮ್ಮ ಮುಖಕ್ಕಿಂತ ಮೊದಲು ಗೋಡೆಯ ಪಟ್ಟಿ ನೋಡುತ್ತಾಳೆ. ಪಾಪ ಎಂದಿದ್ದ ಅಜ್ಜ ಮುಚ್ಚಳ ತೆಗೆದು ದಿನಾ ಸಂಜೆ ಒಂದು ತಾಸು ಅವನ್ನು ಪಡಸಾಲೆಯಲ್ಲಿ ಬಿಡುತ್ತಾರೆ, ಬಾಗಿಲಿಗೆ ತಾವೇ ಅಡ್ಡ ಕೂತು. ತೊಳೆದ ಹಿಕ್ಕೆಯ ನೀರು ಮಲ್ಲಿಗೆ ಗಿಡಕ್ಕೆ. ಗುಲಾಬಿ ಪಂಜರದ ಜಾಳಿಗೆ ತಳದ ಮೇಲೆ ರಟ್ಟು ಹಾಕಿ ಇಟ್ಟಿದ್ದೇವೆ, ದವಾಖಾನೆಗೆ ಒಯ್ಯುವ ದಿನಕ್ಕೆ.

ಮಕ್ಕಳೇ, ನಿಮಗೂ ಒಂದು ಪ್ರಾಣಿ ಬೇಕು ಅನ್ನಿಸಿದರೆ ಮೊದಲು ಸೀಮೆಸುಣ್ಣ ಹಿಡಿಯಿರಿ. ಅದು ಹತ್ತುವುದೋ ಓಡುವುದೋ ತಿಳಿದುಕೊಂಡು ಅದರ ಮನೆಯ ಗೆರೆ ನಿಮ್ಮ ನೆಲದ ಮೇಲೆ ಎಳೆಯಿರಿ. ಒಂದು ವಾರ ಆ ಗೆರೆಯನ್ನು ಯಾರೂ ತುಳಿಯದೆ, ಅಲ್ಲಿ ಏನೂ ಇಡದೆ ನಡೆಯಬಲ್ಲಿರಾ ನೋಡಿ. ಮಧ್ಯಾಹ್ನ ಮೂರಕ್ಕೆ ಅಲ್ಲಿ ಎಷ್ಟು ಬಿಸಿ ಎಂದು ಬರೆದುಕೊಳ್ಳಿ. ಅಜ್ಜ ಅಜ್ಜಿಯರೇ, ನೀವು ವರ್ಷಗಳ ಲೆಕ್ಕ ಹಾಕಿ, ಮೊಮ್ಮಕ್ಕಳ ಎದುರೇ ಹಾಕಿ. ಇದೆಲ್ಲ ಸರಿ ಬಂದರೆ ಬಡಿಗೇರರ ಮನೆಗೆ ಹೋಗಿ. ಪ್ರಾಣಿಯ ಅಂಗಡಿಗೆ ಹೋಗುವುದು ಅದರ ಮುಂದಿನ ವಾರ.